ಹಾಮೆಲ್ನ್ ಕೊಳಲುಗಾರನ ಕತೆ: 32 ಪುಟದ ಮಕ್ಕಳ ಚಿತ್ರಪುಸ್ತಕ (ಪಠ್ಯ, ಚಿತ್ರ, ಅಚ್ಚು)

ಪುಟತಿರುವು:
ಜರ್ಮನಿಯ ಹಾಮೆಲ್ನ್ ಊರಿನ ಕೊಳಲುಗಾರನ ಐತಿಹ್ಯವನ್ನು 6ರಿಂದ 8 ವರ್ಷದ ಮಕ್ಕಳಿಗಾಗಿ ಕನ್ನಡದಲ್ಲಿ ಹೊಸದಾಗಿ ಹೇಳುವ ಚಿತ್ರಪುಸ್ತಕದ ಕರಡು ಸಿದ್ಧವಾಗಿದೆ. ಕತೆ ಇಷ್ಟು: ಕೊಳಲುಗಾರ ಊರಿನ ಇಲಿಗಳನ್ನು ಹೊಳೆಗೆ ಇಳಿಸುತ್ತಾನೆ, ಊರವರು ಕೂಲಿಯ ಮಾತು ತಪ್ಪುತ್ತಾರೆ, ಅವನು ಮರಳಿ ಬಂದು ಊರಿನ ಮಕ್ಕಳನ್ನು ಕರೆದೊಯ್ಯುತ್ತಾನೆ. ಅಚ್ಚಿಗೆ ಹೋಗುವ ಮೊದಲು ಬಲ್ಲವರು ನೋಡಿ ತಿದ್ದಬೇಕು ಅಂತ ಇಲ್ಲಿ ಹಾಕುತ್ತಿದ್ದೇನೆ.

ಆಧಾರ: ಗ್ರಿಮ್ ಸೋದರರು 1816ರಲ್ಲಿ ಪ್ರಕಟಿಸಿದ ಜರ್ಮನ್ ಐತಿಹ್ಯಗಳ ಸಂಗ್ರಹದಲ್ಲಿರುವ ಪಾಠ. ಅಳತೆ 250 × 250 ಮಿ.ಮೀ., ಒಳಗೆ 32 ಪುಟ, ನಾಲ್ಕು ಬಣ್ಣ, ಸೆಂಟರ್ ಪಿನ್ (ನಡುಮಡಿಕೆಗೆ ಪಿನ್ ಹೊಡೆದ ಕಟ್ಟು). ಪುಟ 1 ಶೀರ್ಷಿಕೆ, 2 ಪ್ರಕಾಶನ ವಿವರ, 3ರಲ್ಲಿ ಊರಿನ ನಕ್ಷೆ. 4ರಿಂದ 31ರವರೆಗೆ 14 ಜೋಡಿಪುಟ, 32ನೇ ಪುಟ ದೊಡ್ಡವರಿಗೆ ಒಂದು ಟಿಪ್ಪಣಿ. ಜೋಡಿಪುಟಗಳ ಹಂಚಿಕೆ: ಇಲಿಗಳಿಗೆ 7, ಚೌಕಾಶಿ ಮತ್ತು ಮಾತು ತಪ್ಪುವುದಕ್ಕೆ 2, ಮಕ್ಕಳ ಮೆರವಣಿಗೆಗೆ 4, ಮುಕ್ತಾಯಕ್ಕೆ 1.

ಮೊದಲ ಪುಟದ ಪಠ್ಯ ಹೀಗಿದೆ: "ಬಹಳ ವರ್ಷಗಳ ಹಿಂದೆ ಜರ್ಮನಿ ದೇಶದ ವೇಸರ್ ನದಿಯ ದಂಡೆಯ ಮೇಲಿದ್ದ ಹಾಮೆಲ್ನ್ ಎಂಬ ಸುಂದರ ಪಟ್ಟಣದಲ್ಲಿ ಹೆಗ್ಗಣಗಳ ಹಾವಳಿಯಿಂದ ತತ್ತರಿಸಿಹೋಗಿದ್ದ ಜನರು ವಾಸಿಸುತ್ತಿದ್ದರು."

ಏನೇನು ತಪ್ಪಿದೆ, ಹೇಳಿ.

ವೇಸರ್‌ತೀರ:
ಹಂಚಿಕೆಯಲ್ಲೇ ತಪ್ಪಿದೆ. 14ರಲ್ಲಿ 7 ಜೋಡಿಪುಟ ಇಲಿಗಳಿಗೆ ಕೊಟ್ಟರೆ ಅದು ಇಲಿ ಓಡಿಸಿದ ಕತೆ ಆಗುತ್ತದೆ. ಹಾಮೆಲ್ನ್ ಊರು ಏಳುನೂರು ವರ್ಷ ನೆನಪಿಟ್ಟುಕೊಂಡದ್ದು ಇಲಿಗಳನ್ನಲ್ಲ, ಮಕ್ಕಳನ್ನು.

ಮೊದಮೊದಲ ಬರಹದಲ್ಲಿ ಇಲಿಯ ಸುಳಿವೇ ಇಲ್ಲ. ಸುಮಾರು 1440–50ರ ಲ್ಯೂನೆಬುರ್ಗ್ ಹಸ್ತಪ್ರತಿಯಲ್ಲಿ ಇರುವುದಿಷ್ಟು: 1284ರ ಜೂನ್ 26ರಂದು, ಯೋಹಾನ್ ಮತ್ತು ಪಾಲ್ ಸಂತರ ದಿನ, ಸುಮಾರು ಮೂವತ್ತು ವಯಸ್ಸಿನ, ಚೆನ್ನಾಗಿ ಉಟ್ಟುತೊಟ್ಟ, ನೋಡಲು ಚೆಂದದ ಒಬ್ಬಾತ ಸೇತುವೆ ದಾಟಿ ಊರೊಳಗೆ ಬಂದ. ಬೆಳ್ಳಿಯ ಕೊಳಲು ಊದಿದ. ಊರಿನಲ್ಲಿ ಹುಟ್ಟಿದ 130 ಮಕ್ಕಳು ಅವನ ಹಿಂದೆ ಹೋದರು, ಆಮೇಲೆ ಕಾಣಲಿಲ್ಲ. ಅಷ್ಟೇ. ಅವನು ಯಾಕೆ ಕರೆದೊಯ್ದ ಅನ್ನುವುದಕ್ಕೆ ಕಾರಣವನ್ನೂ ಅದು ಹೇಳುವುದಿಲ್ಲ. ಇಲಿಗಳು ಈ ಕತೆಗೆ ಸೇರಿದ್ದು 1560ರ ಸುಮಾರಿನ ಸಿಮ್ಮರ್ನ್ ವಂಶದ ವೃತ್ತಾಂತದಲ್ಲಿ. ಅಂದರೆ ಘಟನೆ ಆಗಿ ಸುಮಾರು 275 ವರ್ಷದ ಮೇಲೆ.

ಗ್ರಿಮ್ ಪಾಠದಲ್ಲಿ ಇಲಿ ಇದೆ, ನೀವು ಅದನ್ನೇ ಆಧರಿಸಿದ್ದೀರಿ, ಆದ್ದರಿಂದ ಬಿಡಬೇಕಾಗಿಲ್ಲ. ಆದರೆ ಗ್ರಿಮ್ ಕೂಡ ಇಲಿಗಳ ಕೆಲಸವನ್ನು ನಾಲ್ಕೈದು ವಾಕ್ಯದಲ್ಲಿ ಮುಗಿಸುತ್ತಾರೆ. ಉಳಿದದ್ದೆಲ್ಲ ಮಕ್ಕಳದು, ಅವರು ಹೋದ ಮೇಲಿನ ಊರಿನದು. ಅದೇ ಅನುಪಾತ ನಿಮ್ಮ ಪುಸ್ತಕದಲ್ಲೂ ಇರಲಿ.

ಪ್ರಾಣಿಗೆರೆ:
ಒಂದು ಪದ ತಕ್ಷಣ ತಿದ್ದಿ. ಹೆಗ್ಗಣ ಅಲ್ಲ, ಇಲಿ. ನಮ್ಮ ಹೆಗ್ಗಣದ ಕುಲವೇ ಬೇರೆ, ಅದು ಜರ್ಮನಿಯಲ್ಲಿಲ್ಲ. ಹಾಮೆಲ್ನ್‌ನಲ್ಲಿ 1284ರಲ್ಲಿ ಇದ್ದದ್ದು ಕಪ್ಪು ಇಲಿ. ನಮ್ಮ ಅಟ್ಟದ ಮೇಲೆ, ಹೆಂಚಿನ ಸಂದಿಯಲ್ಲಿ ಓಡಾಡುವ ಮನೆ ಇಲಿಯ ಜಾತಿಯೇ. ಯುರೋಪಿನ ಚರಂಡಿಗಳಲ್ಲಿ ಈಗ ಕಾಣುವ ದಪ್ಪನೆಯ ಕಂದು ಇಲಿ ಅಲ್ಲಿಗೆ ಹಬ್ಬಿದ್ದು 18ನೇ ಶತಮಾನದಲ್ಲಿ.

ಚಿತ್ರ ಬರೆಯುವವರಿಗೆ ಇದು ಮುಖ್ಯ, ಏಕೆಂದರೆ ಅಂತರ್ಜಾಲದಲ್ಲಿ ಸಿಗುವ ಇಲಿಯ ಫೋಟೊಗಳಲ್ಲಿ ಹೆಚ್ಚಿನವು ಕಂದು ಇಲಿಯವು. ಗುರುತು ಹೀಗೆ: ಕಪ್ಪು ಇಲಿಯ ಬಾಲ ತಲೆ-ಮೈ ಸೇರಿದ ಉದ್ದಕ್ಕಿಂತ ಉದ್ದ, ಕಂದು ಇಲಿಯದು ಗಿಡ್ಡ. ಕಪ್ಪು ಇಲಿಯ ಕಿವಿ ದೊಡ್ಡದು, ತೆಳು, ಮುಂದಕ್ಕೆ ಮಡಿಸಿದರೆ ಕಣ್ಣು ಮುಟ್ಟುತ್ತದೆ. ಮೂತಿ ಚೂಪು, ಮೈ ಸಪೂರ. ಮುಂಗಾಲಲ್ಲಿ ನಾಲ್ಕು ಬೆರಳು, ಹಿಂಗಾಲಲ್ಲಿ ಐದು. ಹತ್ತುವುದರಲ್ಲಿ ಎತ್ತಿದ ಕೈ. ಆದ್ದರಿಂದ ಅವು ನೆಲದ ಬಿಲದಿಂದ ಬರುವುದಕ್ಕಿಂತ ಹುಲ್ಲುಮಾಡಿನಿಂದ, ತೊಲೆಯ ಮೇಲಿಂದ, ಚೀಲ ನೇತುಹಾಕಿದ ಹಗ್ಗದಿಂದ ಇಳಿಯುವಂತೆ ಬರೆದರೆ ನಿಜಕ್ಕೂ ಹತ್ತಿರ, ಚಿತ್ರಕ್ಕೂ ಮೇಲಿನಿಂದ ಕೆಳಗೆ ಹರಿಯುವ ಗೆರೆ ಸಿಗುತ್ತದೆ.

ಕುಂಚದಂಡೆ:
ಮೇಲಿನಿಂದ ಇಳಿಯುವ ಗೆರೆ ಒಳ್ಳೆಯ ಸೂಚನೆ. ಇಲಿಗಳ ಗುಂಪಿನಲ್ಲಿ ಸಾಮಾನ್ಯವಾಗಿ ಆಗುವ ತಪ್ಪು ಎಂದರೆ ಒಂದೊಂದನ್ನೂ ಬಿಡಿಬಿಡಿಯಾಗಿ ಬರೆದು ಕೊನೆಗೆ ರಾಗಿಕಾಳು ಚೆಲ್ಲಿದ ಹಾಗೆ ಕಾಣುವುದು. ಮೊದಲು ಇಡೀ ಹಿಂಡಿಗೆ ಒಂದೇ ಆಕಾರ ಕೊಡಿ, ಹೊಳೆಯ ಹಾಗೆ. ಮುಂಭಾಗದ ಆರೆಂಟು ಇಲಿಗಳಿಗೆ ಮಾತ್ರ ಮೀಸೆ, ಬೆರಳು, ಕಣ್ಣಿನ ಹೊಳಪು. ಅದರ ಹಿಂದಿನ ಸಾಲುಗಳಿಗೆ ಬೆನ್ನು ಮತ್ತು ಕಿವಿ. ಅದರಾಚೆಗೆ ಬರೀ ಬಾಲದ ಗೆರೆಗಳು. ಕಪ್ಪು ಬಣ್ಣ ಬಳಸಬೇಡಿ, ಒಣಗಿದ ಮೇಲೆ ಸತ್ತಂತೆ ಕಾಣುತ್ತದೆ. ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಅಂಬರ್ ಬೆರೆಸಿದರೆ ಜೀವವಿರುವ ಬೂದುಗಪ್ಪು ಬರುತ್ತದೆ.

ಇನ್ನು ಕೊಳಲು. ಕನ್ನಡದಲ್ಲಿ "ಕೊಳಲು" ಅಂದ ಕೂಡಲೇ ಚಿತ್ರಕಾರರ ಕೈ ಅಡ್ಡ ಹಿಡಿದ ಬಿದಿರಿನ ಕೊಳಲಿಗೆ ಹೋಗುತ್ತದೆ, ಕೊಳಲುಗಾರ ಕೃಷ್ಣನ ಭಂಗಿಯಲ್ಲಿ ನಿಲ್ಲುತ್ತಾನೆ. ಅವನ ವಾದ್ಯ ಬಾಯಿಂದ ನೇರ ಕೆಳಕ್ಕೆ ಹಿಡಿಯುವಂಥದ್ದು, ನಮ್ಮ ಮೌರಿಯ ಹಾಗೆ. ಮೊಣಕೈ ಮೈಗೆ ಹತ್ತಿರ ಬರುತ್ತದೆ, ಕೆನ್ನೆ ಉಬ್ಬುತ್ತದೆ, ಮುಖ ನೆಟ್ಟಗೆ ನಮ್ಮ ಕಡೆ ತಿರುಗುತ್ತದೆ. ಭಂಗಿಯೇ ಬೇರೆ ಆಗುವುದರಿಂದ ಇದನ್ನು ಕರಡು ಹಂತದಲ್ಲೇ ನಿರ್ಧರಿಸಿ. ಪಠ್ಯದಲ್ಲಿ ಕೊಳಲು ಅನ್ನುವ ಪದವೇ ಇರಲಿ, ಬೇರೆ ಪದ ಹುಡುಕುವುದು ಬೇಡ.

ಪುಟತಿರುವು:
ಹಂಚಿಕೆ ಬದಲಿಸಿದೆ. ಊರು 2, ಇಲಿ 2, ಕೊಳಲುಗಾರ ಬಂದು ಮಾತಾಗುವುದು 1, ಇಲಿಗಳು ಹೊಳೆಗೆ 2, ಮಾತು ತಪ್ಪುವುದು 1, ಅವನಿಲ್ಲದ ದಿನಗಳು 1, ಜೂನ್ 26ರ ಬೆಳಗು 1, ಮಕ್ಕಳ ಸಾಲು 2, ಬೆಟ್ಟ 1, ಬರಿದಾದ ಬೀದಿ 1. ಒಟ್ಟು 14. ಊರಿನ ಎರಡು ಜೋಡಿಪುಟದಲ್ಲೇ ಮಕ್ಕಳು ಆಡುತ್ತಿರುವುದು ಕಾಣಬೇಕು ಅಂದುಕೊಂಡಿದ್ದೇನೆ. ಮೊದಲು ಕಾಣದ ಮಕ್ಕಳು ಕೊನೆಗೆ ಕಾಣೆಯಾದರೆ ಓದುವ ಮಗುವಿಗೆ ಏನೂ ಅನಿಸುವುದಿಲ್ಲ.

ಊರಿನ ಚಿತ್ರಕ್ಕೆ ಹಾಮೆಲ್ನ್‌ನ ಈಗಿನ ಹಳೇ ಪೇಟೆಯ ಫೋಟೊಗಳನ್ನು ನೋಡಿ ಬರೆದರೆ ಸರಿಯೇ?

ವೇಸರ್‌ತೀರ:
ಸರಿಯಲ್ಲ. ಈಗ ಎಲ್ಲರೂ ಫೋಟೊ ತೆಗೆಯುವ ಕಟ್ಟಡಗಳು ಘಟನೆಗಿಂತ ಮುನ್ನೂರು ವರ್ಷ ಚಿಕ್ಕವು. "ಇಲಿಗಾರನ ಮನೆ" ಎಂದು ಕರೆಯುವ ಕಲ್ಲಿನ ಮನೆ ಕಟ್ಟಿದ್ದು 1602–03ರಲ್ಲಿ. ಅದಕ್ಕೆ ಆ ಹೆಸರು ಬಂದದ್ದು ಕೊಳಲುಗಾರ ಅಲ್ಲಿದ್ದ ಅಂತಲ್ಲ, ಪಕ್ಕದ ಗೋಡೆಯಲ್ಲಿ 130 ಮಕ್ಕಳ ಸಂಗತಿ ಕೆತ್ತಿರುವುದರಿಂದ. ಮದುವೆ ಮಂಟಪದ ಕಟ್ಟಡ 1610–17ರದ್ದು. ಇವೆರಡನ್ನೂ 1284ರ ಬೀದಿಯಲ್ಲಿ ನಿಲ್ಲಿಸಿದರೆ ವಿಜಯನಗರದ ಕತೆಗೆ ಮೈಸೂರಿನ ಈಗಿನ ಅರಮನೆ ಬರೆದ ಹಾಗೆ.

1284ರ ಊರಿಗೆ: ಗೋಡೆಯೊಳಗಿನ ಪುಟ್ಟ ಪಟ್ಟಣ, ಮರದ ಚೌಕಟ್ಟಿಗೆ ಮಣ್ಣು ಮೆತ್ತಿದ ಮನೆಗಳು, ಹುಲ್ಲಿನ ಮಾಡು, ಕಿಟಕಿಗೆ ಗಾಜಿನ ಬದಲು ಮರದ ಬಾಗಿಲು, ಹೊಗೆಗೆ ಮಾಡಿನಲ್ಲಿ ಕಂಡಿ. ಗಿರಣಿಗಳು ಖಂಡಿತ ಇರಲಿ. ಹಾಮೆಲ್ನ್ ಗಿರಣಿಗಳ ಊರು, ಅದರ ಲಾಂಛನದಲ್ಲೇ ಬೀಸುವ ಕಲ್ಲಿದೆ. ಇಲಿ ಯಾಕೆ ಅಲ್ಲಿಗೇ ಬಂತು ಅನ್ನುವುದಕ್ಕೆ ಬೇರೆ ವಿವರಣೆ ಬರೆಯಬೇಕಾಗಿಲ್ಲ, ಕಾಳಿನ ಚೀಲ ತೋರಿಸಿದರೆ ಸಾಕು.

ಉಡುಪಿಗೆ ನಂಬಬಹುದಾದ ಆಕರ ಮಾನೆಸ್ಸೆ ಹಸ್ತಪ್ರತಿ. 1300ರ ನಂತರದ ಕೆಲವು ದಶಕಗಳಲ್ಲಿ ಸಿದ್ಧವಾದದ್ದು, ಕವಿಗಳ 137 ಪೂರ್ಣಪುಟ ಚಿತ್ರಗಳಿವೆ. ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದ ಗ್ರಂಥಾಲಯ ಅದನ್ನು ಪೂರ್ತಿ ಅಂತರ್ಜಾಲದಲ್ಲಿ ಇಟ್ಟಿದೆ. ಆದರೆ ಅದು ಶ್ರೀಮಂತರ ಉಡುಪು. ಊರ ಮಕ್ಕಳಿಗೆ ಮೊಣಕಾಲು ಮುಟ್ಟುವ ಸಾದಾ ಉಣ್ಣೆ ಅಂಗಿ, ಬಣ್ಣ ಹಾಕದ ಬೂದು-ಕಂದು ಸಾಕು.

ಕೊಳಲುಗಾರನ ಅತ್ಯಂತ ಹಳೆಯ ಚಿತ್ರ ಉಳಿದಿರುವುದು 1592ರಲ್ಲಿ ಆಗುಸ್ಟಿನ್ ಫಾನ್ ಮ್ಯೋರ್ಸ್‌ಪೆರ್ಗ್ ಮಾಡಿದ ಜಲವರ್ಣ. ಹಾಮೆಲ್ನ್‌ನ ಸಂತೆಚರ್ಚಿನ ಗಾಜುಕಿಟಕಿ ನೋಡಿ ಮಾಡಿದ್ದೆಂದು ಹೇಳುತ್ತಾರೆ. ಆ ಕಿಟಕಿ 1660ರಲ್ಲಿ ನಾಶವಾಯಿತು. ಆ ಚಿತ್ರದಲ್ಲಿ ಕೊಳಲುಗಾರ ಉಳಿದೆಲ್ಲರಿಗಿಂತ ಎಷ್ಟೋ ಪಟ್ಟು ದೊಡ್ಡವನು, ಊರು ಅವನ ಪಕ್ಕ ಆಟಿಕೆಯಂತೆ ಕಾಣುತ್ತದೆ.

ಕುಂಚದಂಡೆ:
ಆ ಅಳತೆಯ ವ್ಯತ್ಯಾಸ ಮಕ್ಕಳ ಪುಸ್ತಕಕ್ಕೆ ಬಹಳ ಉಪಯೋಗ. ಮೊದಲ ಸಲ ಬರುವಾಗ ಮನುಷ್ಯ ಗಾತ್ರ, ಇಲಿಗಳ ಹೊತ್ತಿಗೆ ಮನೆಯ ಬಾಗಿಲಿಗಿಂತ ಎತ್ತರ, ಜೂನ್ 26ರ ಬೆಳಗ್ಗೆ ಊರ ಗೋಡೆಗಿಂತ ಎತ್ತರ. ಪಠ್ಯದಲ್ಲಿ ಒಂದಕ್ಷರ ಹೇಳಬೇಕಿಲ್ಲ.

ಬಣ್ಣ: ಇಡೀ ಪುಸ್ತಕದಲ್ಲಿ ಗಾಢ ಕೆಂಪು ಮತ್ತು ಗಾಢ ಹಳದಿ ಕೊಳಲುಗಾರನಿಗೆ ಮಾತ್ರ ಮೀಸಲಿಡಿ. ಊರಿನ ಬಾಗಿಲು, ಹೂವು, ಯಾರದೋ ಲಂಗ, ಯಾವುದಕ್ಕೂ ಆ ಬಣ್ಣ ಬೇಡ. ಸಾಲಿನಲ್ಲಿ ಅವನು ಹೆಬ್ಬೆರಳುಗುರಿನಷ್ಟಾದರೂ ಕಣ್ಣು ಅಲ್ಲಿಗೇ ಹೋಗುತ್ತದೆ. ಗ್ರಿಮ್ ಪಾಠದಲ್ಲಿ ಎರಡನೆಯ ಸಲ ಬರುವಾಗ ವೇಷವೇ ಬೇರೆ, ಬೇಟೆಗಾರನ ಉಡುಪು, ವಿಚಿತ್ರ ಕೆಂಪು ಟೋಪಿ. ಅವನು ಅವನೇ ಎಂದು ಮಗು ಗುರುತಿಸಬೇಕಾದರೆ ಟೋಪಿಯ ಕೆಂಪು ಹಳೆಯ ಅಂಗಿಯ ಕೆಂಪೇ ಆಗಿರಬೇಕು. ಅದೇ ಟ್ಯೂಬಿನ ಬಣ್ಣ, ಅದೇ ಹದ. ಬೇಕಾದಷ್ಟು ಒಮ್ಮೆಗೇ ಕಲಸಿ ಮುಚ್ಚಳದ ಡಬ್ಬಿಯಲ್ಲಿಡಿ.

ಋತುವನ್ನೂ ಮರೆಯಬೇಡಿ. ಜೂನ್ ಕೊನೆ ಅಲ್ಲಿ ಹಸಿರಿನ ತುಟ್ಟತುದಿ, ಹಗಲು ಅತಿ ಉದ್ದ. ಶೋಕದ ಕತೆ ಅಂತ ಉದುರುವ ಕೆಂಪೆಲೆ ಬರೆಯುವ ಅಭ್ಯಾಸ ಇದೆ, ಅದು ತಪ್ಪು. ಹಿಂದಿನ ಬೆಟ್ಟಗಳೂ ಹಿಮದ ಶಿಖರಗಳಲ್ಲ. ಅಲ್ಲಿನ ಈತ್ ಸಾಲಿನ ಅತಿ ಎತ್ತರದ ಜಾಗ 439 ಮೀಟರ್, ಬೀಚ್ ಮರಗಳ ಕಾಡು. ದುಂಡು ಬೆನ್ನಿನ ಹಸಿರು ಗುಡ್ಡ ಬರೆಯಿರಿ.

ಪ್ರಾಣಿಗೆರೆ:
ಊಟದ ತಟ್ಟೆಗೂ ಒಂದು ಮಾತು. ಆಲೂಗಡ್ಡೆ, ಟೊಮೇಟೊ, ಮೆಕ್ಕೆಜೋಳ, ಮೆಣಸಿನಕಾಯಿ, ಇವೆಲ್ಲ ಅಮೆರಿಕದಿಂದ 1492ರ ನಂತರ ಬಂದವು. ಇಲಿ ಕಚ್ಚುವುದಕ್ಕೆ ರೈ ರೊಟ್ಟಿ, ಓಟ್ಸ್ ಕಾಳು, ಬಟಾಣಿ, ಗಿಣ್ಣು, ಎಲೆಕೋಸು, ಮೂಲಂಗಿ ಜಾತಿಯ ಗಡ್ಡೆ ಸಾಕಷ್ಟಿವೆ.

ಓದುಚಾಪೆ:
ಪಠ್ಯಕ್ಕೆ ಬರುತ್ತೇನೆ. ನಿಮ್ಮ ಮೊದಲ ವಾಕ್ಯದಲ್ಲಿ ಹದಿನೆಂಟು ಪದ ಇದೆ, ಕ್ರಿಯಾಪದ ತಲುಪುವ ಹೊತ್ತಿಗೆ ಕೇಳುವ ಮಗು ಚಿತ್ರದಲ್ಲಿ ಬೇರೆಲ್ಲೋ ಇರುತ್ತದೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ವಾಕ್ಯ ಉದ್ದವಾದಷ್ಟೂ ಕೇಳುವವರ ಮೇಲೆ ಭಾರ. "ಸುಂದರ ಪಟ್ಟಣ", "ತತ್ತರಿಸಿಹೋಗಿದ್ದ" ಇವೆರಡೂ ಚಿತ್ರ ಹೇಳಬೇಕಾದ ಮಾತು, ಪಠ್ಯಕ್ಕೆ ಬೇಡ.

ಇಡೀ ಪುಸ್ತಕಕ್ಕೆ 400ರಿಂದ 550 ಪದ ಸಾಕು. ಇಂಗ್ಲಿಷ್ ಚಿತ್ರಪುಸ್ತಕಗಳ ಪದಸಂಖ್ಯೆ ನೋಡಿ ಅಳೆಯಬೇಡಿ, ನಮ್ಮಲ್ಲಿ ಪ್ರತ್ಯಯಗಳು ಪದಕ್ಕೇ ಅಂಟುತ್ತವೆ, ಒಂದು ಪದ ಅಲ್ಲಿನ ಎರಡು ಮೂರರ ಕೆಲಸ ಮಾಡುತ್ತದೆ. ಜೋಡಿಪುಟಕ್ಕೆ 30ರಿಂದ 45 ಪದ, ಕೆಲವು ಕಡೆ ಹತ್ತೇ. ವಾಕ್ಯಕ್ಕೆ ಐದಾರು ಪದ.

ಹೀಗೆ ಶುರು ಮಾಡಬಹುದು:

"ಹೊಳೆ ಪಕ್ಕ ಊರು.
ಊರ ತುಂಬ ಗಿರಣಿ.
ಗಿರಣಿ ತುಂಬ ಕಾಳು.
ಕಾಳ ಹುಡುಕಿ ಬಂತು ಒಂದು ಇಲಿ."

ಪುಟ ತಿರುಗಿಸಿದರೆ ಸಾವಿರ ಇಲಿ. "ಒಂದು ಇಲಿ" ಬಲಪುಟದ ಕೊನೆಯಲ್ಲೇ ಇರಬೇಕು, ಎಡಪುಟದಲ್ಲಿದ್ದರೆ ಪಕ್ಕದಲ್ಲೇ ಸಾವಿರ ಕಂಡು ಬೆರಗು ಹೋಯಿತು.

ಇದೇ ಸರಪಳಿಯನ್ನು ಕೊನೆಯ ಪುಟಕ್ಕೂ ಉಳಿಸಿಕೊಳ್ಳಿ. ಹೊಳೆ ಇದೆ, ಊರಿದೆ, ಗಿರಣಿ ಇದೆ, ಕಾಳಿದೆ. ಮಕ್ಕಳ ಹೆಸರೇ ಎತ್ತಬೇಡಿ.

ವೇಸರ್‌ತೀರ:
ಕೊನೆಯ ಪುಟದ ಈ ಸಲಹೆ ತುಂಬ ಸರಿ. ಹಾಮೆಲ್ನ್‌ನಲ್ಲಿ ಬುಂಗೆಲೋಸೆನ್ ಎಂಬ ಬೀದಿ ಇದೆ, ಅಂದರೆ ತಮಟೆ ಇಲ್ಲದ ಬೀದಿ. ಮಕ್ಕಳು ಹೋದ ದಾರಿ ಅದು ಅನ್ನುತ್ತಾರೆ. ಅಲ್ಲಿ ವಾದ್ಯ ನುಡಿಸುವಂತಿಲ್ಲ, ಕುಣಿಯುವಂತಿಲ್ಲ. ಮದುವೆಯ ದಿಬ್ಬಣ ಬಂದರೂ ಬೀದಿ ದಾಟುವವರೆಗೆ ವಾದ್ಯ ನಿಲ್ಲಿಸಬೇಕು ಎಂದು ಗ್ರಿಮ್ ಬರೆಯುತ್ತಾರೆ. ನಿಮ್ಮ 30–31ನೇ ಪುಟಕ್ಕೆ ಆ ಬೀದಿಯೇ ಇರಲಿ.

ಪುಟತಿರುವು:
ಕೊನೆಯಲ್ಲಿ "ಕೊಟ್ಟ ಮಾತಿಗೆ ತಪ್ಪಬಾರದು" ಎಂಬ ಒಂದು ಸಾಲಿತ್ತು. ಶಾಲೆಗಳು ಕೊಳ್ಳುವಾಗ ನೀತಿ ಕೇಳುತ್ತಾರೆ ಅಂತ ಇಟ್ಟದ್ದು.

ಓದುಚಾಪೆ:
ತೆಗೆದುಬಿಡಿ. ಮಾತು ತಪ್ಪಿದವರು ದೊಡ್ಡವರು, ಹೋದವರು ಮಕ್ಕಳು. ಆ ಸಾಲು ಇಟ್ಟರೆ ದೊಡ್ಡವರ ತಪ್ಪಿಗೆ ಪಾಠ ಮಕ್ಕಳಿಗೆ ಹೇಳಿದಂತಾಗುತ್ತದೆ. ಮಾತು ತಪ್ಪುವ ಜೋಡಿಪುಟದ ಚಿತ್ರ ಗಟ್ಟಿಯಾಗಿದ್ದರೆ ಮಗು ತಾನೇ "ಇದು ಮೋಸ" ಅನ್ನುತ್ತದೆ.

ವೇಸರ್‌ತೀರ:
ಆ ಪುಟದಲ್ಲಿ ಚಿನ್ನದ ನಾಣ್ಯದ ರಾಶಿ ಬೇಡ. ಸಾವಿರ ಗಿಲ್ಡರ್ ಬದಲು ಐವತ್ತು ಅನ್ನುವ ಲೆಕ್ಕ ಇದೇ ಕತೆ ಹೇಳುವ ಇಂಗ್ಲಿಷ್ ಕವಿ ರಾಬರ್ಟ್ ಬ್ರೌನಿಂಗ್‌ನ 1842ರ ಕವನದ್ದು, ಗ್ರಿಮ್‌ನಲ್ಲಿ ಮೊತ್ತವೇ ಇಲ್ಲ. ಆ ಕಾಲದ ಉತ್ತರ ಜರ್ಮನಿಯಲ್ಲಿ ಓಡುತ್ತಿದ್ದದ್ದು ಬೆಳ್ಳಿಯ ಫೆನ್ನಿಗ್, ಒಂದೇ ಬದಿಯಲ್ಲಿ ಅಚ್ಚೊತ್ತಿದ, ಕಾಗದದಷ್ಟು ತೆಳುವಾದ ತಗಡು. ಮೇಜಿನ ಮೇಲೆ ಅಂಥ ನಾಲ್ಕು ತಗಡು ತಳ್ಳುವ ಒಂದು ಕೈ ಬರೆದರೆ ಆಯಿತು.

ಎರಡು ಆಕರ ಕಲೆಸುವಾಗ ಇನ್ನೊಂದು ಎಚ್ಚರ. ಬ್ರೌನಿಂಗ್ ದಿನಾಂಕ 1376ರ ಜುಲೈ 22. ಊರಿನ ಕಲ್ಲುಗಳು ಹೇಳುವುದು 1284ರ ಜೂನ್ 26. ಹಾಮೆಲ್ನ್‌ನ ಹೊಸ ಹೆಬ್ಬಾಗಿಲಿನ 1556ರ ಕಲ್ಲಿನಲ್ಲಿ, ಮಾಯಗಾರ 130 ಮಕ್ಕಳನ್ನು ಒಯ್ದು 272 ವರ್ಷವಾದ ಮೇಲೆ ಈ ಬಾಗಿಲು ಕಟ್ಟಿತು ಎಂದಿದೆ. ಕಳೆದು ನೋಡಿ, 1284. ಕುಂಟ ಹುಡುಗನೊಬ್ಬ ಹಿಂದುಳಿಯುವುದೂ ಬ್ರೌನಿಂಗ್‌ನದೇ. ಗ್ರಿಮ್‌ನಲ್ಲಿ ಹಿಂದೆ ಬಿದ್ದು ಮರಳಿದವರು ಇಬ್ಬರು, ಒಬ್ಬರಿಗೆ ಕಣ್ಣಿಲ್ಲ, ಒಬ್ಬರಿಗೆ ಮಾತಿಲ್ಲ. ಕಣ್ಣಿಲ್ಲದ ಮಗು ನಡೆದದ್ದನ್ನು ಹೇಳಿತು, ಜಾಗ ತೋರಿಸಲಾಗಲಿಲ್ಲ. ಮಾತಿಲ್ಲದ ಮಗು ಜಾಗ ತೋರಿಸಿತು, ಹೇಳಲಾಗಲಿಲ್ಲ. ಇನ್ನೊಬ್ಬ ಪುಟ್ಟ ಹುಡುಗ ಒಳ ಅಂಗಿಯಲ್ಲೇ ಓಡಿಬಂದಿದ್ದ, ಮೇಲಂಗಿ ತರಲು ತಿರುಗಿ ಹೋದ, ಉಳಿದ.

ಕುಂಚದಂಡೆ:
ಹಾಗಾದರೆ ಲೆಕ್ಕ ಜಾಗ್ರತೆ. ಕಾಣೆಯಾದವರು 130. ಸಾಲು ಹೊರಟಾಗ 133 ಇರಬೇಕು. ಮೊದಲ ಜೋಡಿಪುಟದಲ್ಲಿ (24–25) 133, ಎರಡನೆಯದರಲ್ಲಿ (26–27) ಸರಿಯಾಗಿ 130. ಮಕ್ಕಳು ಎಣಿಸುತ್ತಾರೆ, ಅನುಮಾನವೇ ಬೇಡ. ಮುಂದೆ 12 ಮಂದಿ ಪೂರ್ತಿ ಮುಖ ಕಾಣುವಂತೆ, ನಡುವೆ 35 ಮಂದಿ ಸೊಂಟದವರೆಗೆ, ಹಿಂದೆ 83 ಬರೀ ತಲೆ. ಪೆನ್ಸಿಲ್ ಕರಡಿನಲ್ಲಿ ಹತ್ತತ್ತರ ಗುಂಪಿಗೆ ತೆಳುವಾಗಿ ಗುರುತು ಹಾಕಿಕೊಳ್ಳಿ, 13 ಗುಂಪು. ಬಣ್ಣ ಹಾಕಿದ ಮೇಲೆ ಎಣಿಸಲು ಹೋದರೆ ತಪ್ಪುತ್ತದೆ. ಗ್ರಿಮ್ ಪ್ರಕಾರ ನಾಲ್ಕು ವರ್ಷದಿಂದ ಮೇಲ್ಪಟ್ಟ ಗಂಡುಹೆಣ್ಣು ಮಕ್ಕಳು, ಜೊತೆಗೆ ಬೆಳೆದುನಿಂತ ಮೇಯರ್ ಮಗಳು. ಅವಳೊಬ್ಬಳು ಉಳಿದವರಿಗಿಂತ ಎತ್ತರ ಇರಲಿ.

ಮರಳಿ ಬಂದ ಇಬ್ಬರನ್ನು ಬರೆಯುವಾಗ ಕರುಣೆ ಹುಟ್ಟಿಸುವ ಭಂಗಿ ಬೇಡ. ಒಂದು ಮಗು ಇನ್ನೊಂದರ ತೋಳು ಹಿಡಿದಿದೆ, ಒಂದು ಹೇಳುತ್ತಿದೆ, ಒಂದು ಬೆರಳು ತೋರಿಸುತ್ತಿದೆ. ಇಬ್ಬರೂ ಸೇರಿದರೆ ಪೂರ್ತಿ ಸಾಕ್ಷಿ. ಚಿತ್ರಕ್ಕೆ ಇದಕ್ಕಿಂತ ಒಳ್ಳೆಯ ವಸ್ತು ಈ ಕತೆಯಲ್ಲಿ ಇನ್ನೊಂದಿಲ್ಲ.

ಒಂದು ಪ್ರಶ್ನೆ ವೇಸರ್‌ತೀರ ಅವರಿಗೆ. ಹೊಳೆ ಊರಿನ ಯಾವ ಕಡೆ? ಬ್ರೌನಿಂಗ್ ದಕ್ಷಿಣ ಅನ್ನುತ್ತಾನೆ.

ವೇಸರ್‌ತೀರ:
ಪಶ್ಚಿಮ. ಹಳೇ ಊರು ವೇಸರ್‌ನ ಬಲದಂಡೆಯಲ್ಲಿದೆ. ಮಕ್ಕಳು ಹೋದದ್ದು ಪೂರ್ವದ ಹೆಬ್ಬಾಗಿಲಿನಿಂದ. ಮಕ್ಕಳು ಮರೆಯಾದರೆನ್ನುವ ಕೊಪ್ಪೆನ್ ಬೆಟ್ಟ ಎಲ್ಲಿ ಎಂಬುದರ ಬಗ್ಗೆ ಹಲವು ಊಹೆಗಳಿವೆ, ಅವುಗಳಲ್ಲಿ ಒಂದು ಸುಮಾರು 15 ಕಿ.ಮೀ. ಪೂರ್ವದ ಕೊಪ್ಪೆನ್‌ಬ್ರ್ಯೂಗೆ ಬಳಿಯದು.

ಕುಂಚದಂಡೆ:
ಹಾಗಿದ್ದರೆ ಪುಟಗಳ ದಿಕ್ಕು ತಾನಾಗಿಯೇ ಸಿಕ್ಕಿತು. ಉತ್ತರ ಮೇಲೆ ಎಂದು 3ನೇ ಪುಟದ ನಕ್ಷೆಯಲ್ಲೇ ತೋರಿಸಿ. ಇಲಿಗಳು ಬಲದಿಂದ ಎಡಕ್ಕೆ, ಹೊಳೆಯ ಕಡೆಗೆ. ಮಕ್ಕಳು ಎಡದಿಂದ ಬಲಕ್ಕೆ, ಪುಟ ತಿರುಗುವ ಕಡೆಗೆ. ಓದುವ ದಿಕ್ಕಿಗೆ ಎದುರಾಗಿ ಹೋಗುವ ಇಲಿಗಳು ಪುಟದಲ್ಲೇ ತಡೆದು ನಿಲ್ಲುತ್ತವೆ, ಮಕ್ಕಳನ್ನು ಮಾತ್ರ ಪುಟ ತಿರುಗಿಸುವ ಕೈಯೇ ಮುಂದಕ್ಕೆ ಒಯ್ಯುತ್ತದೆ. ಎರಡು ಸಾಲುಗಳ ಬಳುಕು ಒಂದೇ ಇರಲಿ, ಕನ್ನಡಿಯಲ್ಲಿ ಕಂಡಂತೆ.

ಅಚ್ಚಿನಮೊಳೆ:
ಅಳತೆಯ ವಿಷಯ ಈಗಲೇ ಹೇಳಬೇಕು, ಚಿತ್ರ ಮುಗಿದ ಮೇಲೆ ಹೇಳಿ ಪ್ರಯೋಜನವಿಲ್ಲ. 250 × 250 ಮಿ.ಮೀ. ಬಿಡಿ. 23 × 36 ಇಂಚಿನ ಹಾಳೆ ಅಂದರೆ 584 × 914 ಮಿ.ಮೀ. ಬ್ಲೀಡ್ (ಕೊನೆಗೆ ಕತ್ತರಿಸಲೆಂದು ಸುತ್ತ ಬಿಡುವ ಅಂಚು) ಸೇರಿ ಪುಟ 256 ಆದರೆ ಉದ್ದಕ್ಕೆ ಮೂರು, ಅಗಲಕ್ಕೆ ಎರಡು, ಒಂದು ಬದಿಗೆ ಆರೇ ಪುಟ. ನಿಮಗೆ ಎಂಟು ಬೇಕು. 210 × 270 ಮಾಡಿಕೊಳ್ಳಿ. ಬ್ಲೀಡ್ ಸೇರಿ 216 × 276, ಉದ್ದಕ್ಕೆ ನಾಲ್ಕು (864), ಅಗಲಕ್ಕೆ ಎರಡು (552), ಗ್ರಿಪ್ಪರಿಗೂ (ಯಂತ್ರ ಹಾಳೆ ಹಿಡಿಯುವ ಅಂಚು) ಜಾಗ ಉಳಿಯುತ್ತದೆ. ಬದಿಗೆ 8, ಹಾಳೆಗೆ 16, ಎರಡು ಫಾರಂನಲ್ಲಿ (ಅಂಥ ಎರಡು ಹಾಳೆಯಲ್ಲಿ) ಪುಸ್ತಕ ಮುಗಿಯಿತು.

ಜೋಡಿಪುಟದ ಚಿತ್ರ ಆಗ 420 × 270, ಸುತ್ತ 3 ಮಿ.ಮೀ. ಬ್ಲೀಡ್ ಸೇರಿ 426 × 276. ಇಂಚಿಗೆ 300 ಚುಕ್ಕೆಯಲ್ಲಿ 5032 × 3260 ಪಿಕ್ಸೆಲ್. ಕೈಯಲ್ಲಿ ಬರೆದ ಚಿತ್ರವಾದರೆ 600ರಲ್ಲಿ ಸ್ಕ್ಯಾನ್ ಮಾಡಿ ಇಟ್ಟುಕೊಳ್ಳಿ. ಒಳಪುಟಕ್ಕೆ 130 ಜಿಎಸ್‌ಎಂ (ಚದರ ಮೀಟರಿಗೆ 130 ಗ್ರಾಂ ತೂಗುವ) ಮ್ಯಾಟ್ ಆರ್ಟ್ ಪೇಪರ್, ರಕ್ಷಾಪುಟಕ್ಕೆ 300 ಜಿಎಸ್‌ಎಂ ಬೋರ್ಡ್, ಮ್ಯಾಟ್ ಲ್ಯಾಮಿನೇಷನ್. ಹೊಳಪಿನ ಕಾಗದ ಬೇಡ, ದೀಪದ ಕೆಳಗೆ ಓದುವಾಗ ಚಿತ್ರದ ಅರ್ಧ ಬೆಳಕಾಗಿ ಹೋಗುತ್ತದೆ.

ಸೆಂಟರ್ ಪಿನ್ ಪುಸ್ತಕದಲ್ಲಿ ಎಂಟು ಹಾಳೆ ಒಂದರೊಳಗೊಂದು ಕೂರುತ್ತವೆ. ಒಳಗಿನ ಹಾಳೆಗಳು ಸುಮಾರು 1 ಮಿ.ಮೀ. ಹೊರಗೆ ತಳ್ಳಿಕೊಂಡು ಬಂದು ಕತ್ತರಿಸಿಹೋಗುತ್ತವೆ. ಪಠ್ಯ ಹೊರ ಅಂಚಿನಿಂದ 12 ಮಿ.ಮೀ. ಒಳಗಿರಲಿ. ನಡುಮಡಿಕೆಯ ಎರಡೂ ಕಡೆ 10 ಮಿ.ಮೀ. ಒಳಗೆ ಯಾರ ಮುಖವೂ ಬೇಡ, ಕೊಳಲೂ ಬೇಡ.

ಒಂದೇ ಹಾಳೆಯಲ್ಲಿ ಪಕ್ಕಪಕ್ಕ ಅಚ್ಚಾಗುವ ಜೋಡಿಪುಟ 16–17 ಮಾತ್ರ. ನಿಮ್ಮ ಹೊಸ ಹಂಚಿಕೆಯಲ್ಲಿ ಅದು ಏಳನೆಯದು, ಇಲಿಗಳು ಹೊಳೆಗಿಳಿಯುವ ಪುಟ. ದಂಡೆಯ ಗೆರೆ ಈ ಕಡೆಯಿಂದ ಆ ಕಡೆಗೆ ತುಂಡಾಗದೆ ಹೋಗಬಹುದು. ಉಳಿದ ಕಡೆ ಮಡಿಕೆಯಲ್ಲಿ ಒಂದೆರಡು ಮಿ.ಮೀ. ಏರುಪೇರು ಆಗಿಯೇ ಆಗುತ್ತದೆ, ಅದಕ್ಕೇ 24ರಿಂದ 27ರವರೆಗೆ ಸಾಲಿನಲ್ಲಿ ಮಡಿಕೆಯ ಜಾಗಕ್ಕೆ ಮರವೋ ಗೋಡೆಯ ಮೂಲೆಯೋ ಬರಲಿ.

ಪುಟತಿರುವು:
210 × 270ಕ್ಕೆ ಬದಲಿಸಿದೆ. ಅಕ್ಷರ ಯಾವುದು, ಎಷ್ಟು ದೊಡ್ಡದು?

ಅಚ್ಚಿನಮೊಳೆ:
ಯುನಿಕೋಡ್‌ನಲ್ಲೇ ಬರೆಯಿರಿ, ಹಳೇ ನುಡಿ ತಂತ್ರಾಂಶದ ಕಡತದಿಂದ ಪರಿವರ್ತಿಸಿದರೆ ಅರ್ಕಾವತ್ತು ಮತ್ತು ಒತ್ತಕ್ಷರ ಜಾಗ ಬದಲಾಯಿಸುತ್ತವೆ, ಪ್ರೂಫ್ ನೋಡುವವರ ಕಣ್ಣಿಗೆ ಬೀಳದೆ ಅಚ್ಚಾಗುತ್ತವೆ. ಇನ್‌ಡಿಸೈನ್ ಎಂಬ ಪುಟವಿನ್ಯಾಸ ತಂತ್ರಾಂಶ ಆದರೆ ಪ್ಯಾರಾಗ್ರಾಫಿಗೆ ವರ್ಲ್ಡ್-ರೆಡಿ ಕಂಪೋಸರ್ ಆಯ್ದುಕೊಳ್ಳಲೇಬೇಕು, ಇಲ್ಲವಾದರೆ ಒತ್ತು ಕಳಚಿ ಪಕ್ಕದಲ್ಲಿ ನಿಲ್ಲುತ್ತದೆ. ಬಾಲೂ ತಮ್ಮ, ನೋಟೊ ಸಾನ್ಸ್ ಕನ್ನಡ, ಟೀರೊ ಕನ್ನಡ, ಮೂರೂ ಮುಕ್ತ ಪರವಾನಗಿಯವು. ಬಾಲೂ ಶೀರ್ಷಿಕೆಗೆ ಚೆಂದ, ಓದುವ ಪಠ್ಯಕ್ಕೆ ದಪ್ಪವಾಯಿತು. ಗಾತ್ರ 20 ಪಾಯಿಂಟ್, ಸಾಲಿನ ಅಂತರ 34. ನಮ್ಮ ಒತ್ತು ಕೆಳಕ್ಕಿಳಿಯುತ್ತದೆ, ಗುಡಿಸು ಮೇಲಕ್ಕೇರುತ್ತದೆ, ಅಂತರ ಬಿಗಿಯಾದರೆ ಎರಡೂ ಮುಟ್ಟಿಕೊಳ್ಳುತ್ತವೆ.

ಪಠ್ಯ ಬೇರೆ ಲೇಯರ್‌ನಲ್ಲಿ, ಕಪ್ಪು ಮಸಿ ಒಂದೇ, ಶೇಕಡಾ 100. ನಾಲ್ಕು ಬಣ್ಣದ ಕಪ್ಪು ಮಾಡಿದರೆ ಪ್ಲೇಟ್ ಕೂದಲೆಳೆ ಸರಿದರೂ ಒತ್ತಕ್ಷರದ ಸುತ್ತ ಬಣ್ಣದ ನೆರಳು ಕಾಣುತ್ತದೆ. ಗಾಢ ಚಿತ್ರದ ಮೇಲೆ ಬಿಳಿ ಅಕ್ಷರ ಹಾಕಲೇಬೇಕಾದರೆ ಒಂದು ಮಟ್ಟ ದಪ್ಪ ಅಕ್ಷರ ಬಳಸಿ, ಸಣ್ಣ ಗೆರೆ ಮಸಿಯಲ್ಲಿ ಮುಚ್ಚಿಹೋಗುತ್ತದೆ.

ಊರ ಹೆಸರಿಗೂ ಒಂದು ಎಚ್ಚರ. "ಹಾಮೆಲ್ನ್‌ನಲ್ಲಿ" ಎಂದು ಬರೆಯುವಾಗ ನಡುವೆ ಅಕ್ಷರ ಸೇರದಂತೆ ತಡೆಯುವ ಅದೃಶ್ಯ ಚಿಹ್ನೆ ಬೇಕು. ಕಡತ ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಹೋಗುವಾಗ ಅದು ಉದುರಿದರೆ ಮೂರು ಅಂತಸ್ತಿನ ಒತ್ತು ಹುಟ್ಟಿಕೊಳ್ಳುತ್ತದೆ.

ಓದುಚಾಪೆ:
ಆ ಚಿಹ್ನೆ ಇದ್ದರೂ ಆರು ವರ್ಷದ ಮಗುವಿಗೆ ಓದಲಾಗದು. "ಹಾಮೆಲ್ನ್ ಊರು", "ಹಾಮೆಲ್ನ್ ಊರಲ್ಲಿ", "ಹಾಮೆಲ್ನ್ ಊರಿಗೆ" ಎಂದೇ ಬರೆಯಿರಿ. ಪ್ರತ್ಯಯ ಊರಿಗೆ ಅಂಟಲಿ. ಹೆಸರನ್ನೂ ಇಡೀ ಪುಸ್ತಕದಲ್ಲಿ ನಾಲ್ಕೈದು ಸಲಕ್ಕಿಂತ ಹೆಚ್ಚು ತರಬೇಡಿ.

ಪುಟತಿರುವು:
ಕುವೆಂಪು ಅವರ "ಬೊಮ್ಮನಹಳ್ಳಿಯ ಕಿಂದರಿಜೋಗಿ" ಎಲ್ಲ ಕನ್ನಡ ಓದುಗರ ಮನಸ್ಸಿನಲ್ಲಿದೆ. ಇಲಿಗಳ ಪುಟದಲ್ಲಿ ಅದರ ಎರಡು ಸಾಲು ಎತ್ತಿಕೊಂಡರೆ ಹೇಗೆ?

ವೇಸರ್‌ತೀರ:
ಅನುಮತಿ ಇಲ್ಲದೆ ಆಗದು. ಕುವೆಂಪು ತೀರಿಕೊಂಡದ್ದು 1994, ನಮ್ಮ ಕಾನೂನಿನಲ್ಲಿ ಲೇಖಕರ ಮರಣಾನಂತರ 60 ವರ್ಷ, ಅಂದರೆ 2054ರ ಕೊನೆಯವರೆಗೆ ಹಕ್ಕು ಇರುತ್ತದೆ. ಗ್ರಿಮ್ ಮತ್ತು ಬ್ರೌನಿಂಗ್ ಪಾಠಗಳಿಗೆ ಆ ಅಡ್ಡಿಯಿಲ್ಲ. ಬ್ರೌನಿಂಗ್ ಕವನಕ್ಕೆ ಬರೆದ 1888ರ ಕೇಟ್ ಗ್ರೀನ್‌ಅವೇ ಚಿತ್ರಗಳಿಗೂ ಇಲ್ಲ, ಆಕೆ ತೀರಿಕೊಂಡದ್ದು 1901ರಲ್ಲಿ. ಆದರೆ ಯಾರೋ ಹೊಸದಾಗಿ ಮಾಡಿದ ಅನುವಾದದಿಂದ ಎತ್ತಬೇಡಿ, ಅದಕ್ಕೆ ಬೇರೆ ಹಕ್ಕು.

ಕಾನೂನಿಗಿಂತ ದೊಡ್ಡ ಕಾರಣವೂ ಇದೆ. ಕಿಂದರಿಜೋಗಿ ಬ್ರೌನಿಂಗ್ ಕವನವನ್ನು ತುಂಗಾ ತೀರಕ್ಕೆ ತಂದು ನಮ್ಮದೇ ಮಾಡಿದ ಕೃತಿ. ಅಲ್ಲಿನ ಜೋಗಿ ನುಡಿಸುವುದು ಕಿಂದರಿ, ಸೋರೆಬುರುಡೆಯ ತಂತಿವಾದ್ಯ, ಕೊಳಲಲ್ಲ. ನಿಮ್ಮ ಪುಸ್ತಕ ವೇಸರ್ ದಂಡೆಯಲ್ಲೇ ಉಳಿಯುವುದು. ಎರಡನ್ನೂ ಬೆರೆಸಿದರೆ ಎರಡೂ ಕೆಡುತ್ತವೆ. 32ನೇ ಪುಟದ ಟಿಪ್ಪಣಿಯಲ್ಲಿ ಒಂದು ವಾಕ್ಯದಲ್ಲಿ ನೆನೆಯಿರಿ.

ಕುಂಚದಂಡೆ:
ಅದೇ ಟಿಪ್ಪಣಿಗೆ ಇದನ್ನೂ ಸೇರಿಸಬಹುದು. ಬ್ರೌನಿಂಗ್ ಆ ಕವನ ಬರೆದದ್ದು ನಟ ಮೆಕ್ರೀಡಿಯ ಮಗ ವಿಲ್ಲಿಗೆ. ಕಾಯಿಲೆ ಬಿದ್ದಿದ್ದ ಹುಡುಗನಿಗೆ ಚಿತ್ರ ಬರೆಯಲು ಒಂದು ವಸ್ತು ಬೇಕಿತ್ತು. ಹುಡುಗ ಬರೆದೂ ಬರೆದ. ಈ ಕವನಕ್ಕೆ ಮೊದಲು ಚಿತ್ರ ಬರೆದದ್ದೇ ಒಂದು ಮಗು. ಒಳರಕ್ಷಾಪುಟವನ್ನು ಖಾಲಿ ಬಿಟ್ಟು, ಓದುವ ಮಕ್ಕಳು ಅಲ್ಲಿ ಚಿತ್ರ ಬರೆಯಬಹುದು ಎಂದು ಹಾಕಿ. ಆದರೆ ಒಳಬದಿಗೆ ಲ್ಯಾಮಿನೇಷನ್ ಮಾಡಿಸಬೇಡಿ, ಪೆನ್ಸಿಲ್ ಹಿಡಿಯುವುದಿಲ್ಲ.

ಪುಟತಿರುವು:
ಟಿಪ್ಪಣಿಯಲ್ಲಿ ಮಕ್ಕಳು ನಿಜಕ್ಕೂ ಏನಾದರು ಅನ್ನುವುದಕ್ಕೆ ಪ್ಲೇಗ್ ಎಂದು ಬರೆದಿದ್ದೆ.

ವೇಸರ್‌ತೀರ:
ಬೇಡ. ಯುರೋಪಿಗೆ ಆ ಮಹಾಮಾರಿ ಬಂದದ್ದು 1347ರಲ್ಲಿ, ಇದು ಅದಕ್ಕಿಂತ 63 ವರ್ಷ ಹಿಂದಿನ ಸಂಗತಿ. ಇಲಿ ಎಂದ ಕೂಡಲೇ ಪ್ಲೇಗ್ ನೆನಪಾಗುತ್ತದೆ, ಆದರೆ ಇಲಿಯೇ ಕತೆಗೆ ತಡವಾಗಿ ಬಂದದ್ದು. ವಿದ್ವಾಂಸರು ಹೆಚ್ಚು ಒಪ್ಪುವ ಊಹೆ ವಲಸೆ: ಪೂರ್ವದ ಹೊಸ ನೆಲಕ್ಕೆ ಜನ ಕರೆದೊಯ್ಯುವವನೊಬ್ಬ ಬಂದ, ಊರಿನ ಎಳೆಯರು ಹೊರಟರು. "ಊರಿನ ಮಕ್ಕಳು" ಅಂದರೆ ಊರಲ್ಲಿ ಹುಟ್ಟಿದವರು ಎಂದೂ ಅರ್ಥವಾಗುತ್ತದೆ. ಭಾಷಾಶಾಸ್ತ್ರಜ್ಞ ಯ್ಯೂರ್ಗೆನ್ ಉಡೋಲ್ಫ್ ಊರು-ಮನೆತನದ ಹೆಸರುಗಳ ಆಧಾರದ ಮೇಲೆ ಬರ್ಲಿನ್ನಿನ ಉತ್ತರದ ಉಕರ್‌ಮಾರ್ಕ್, ಪ್ರಿಗ್ನಿಟ್ಸ್ ಕಡೆಗೆ ಬೆರಳು ತೋರಿಸುತ್ತಾರೆ. ಊಹೆ ಎಂದೇ ಬರೆಯಿರಿ, ನಾಲ್ಕು ಸಾಲು ಸಾಕು.

ಓದುಚಾಪೆ:
ಬೆಟ್ಟದ ಜೋಡಿಪುಟ (28–29) ಒಮ್ಮೆ ಯೋಚಿಸಿ. ಬೆಟ್ಟ ಬಾಯಿ ತೆರೆದು ಮಕ್ಕಳನ್ನು ನುಂಗುವಂತೆ ಬರೆದರೆ ರಾತ್ರಿ ಓದುವ ಪುಸ್ತಕ ಆಗುವುದಿಲ್ಲ. ಗ್ರಿಮ್‌ನಲ್ಲಿ ಮಗು ಎತ್ತಿಕೊಂಡ ದಾದಿಯೊಬ್ಬಳು ದೂರದಿಂದ ನೋಡಿ ಊರಿಗೆ ಸುದ್ದಿ ತರುತ್ತಾಳೆ. ಅವಳ ಬೆನ್ನ ಹಿಂದಿನಿಂದ ಬರೆಯಿರಿ. ಎದುರಿಗೆ ಹಸಿರು ಬೆಟ್ಟ, ಅದರ ಬುಡದಲ್ಲಿ ಕೆಂಪು ಟೋಪಿಯ ಚುಕ್ಕೆ, ಅವನ ಹಿಂದೆ ಸಾಲಿನ ಬಾಲ ಮಾತ್ರ. ಮುಂದಿನ ಪುಟದಲ್ಲಿ ಆ ಕೆಂಪು ಎಲ್ಲೂ ಇಲ್ಲ. ಪಠ್ಯಕ್ಕೆ ಒಂದೇ ಸಾಲು: "ಕೊಳಲು ಕೇಳಿಸಿತು. ಆಮೇಲೆ ಕೇಳಿಸಲಿಲ್ಲ."

ಪುಟತಿರುವು:
ಆ ಸಾಲನ್ನೇ ಇಡುತ್ತೇನೆ. ಹಾಗಿದ್ದರೆ 30–31ರ ಬೀದಿಯಲ್ಲಿ ಗಿರಣಿ, ಕಾಳಿನ ಸಾಲುಗಳೂ ಬೇಡ ಅನಿಸುತ್ತದೆ. ಅಕ್ಷರವೇ ಇಲ್ಲದ ಜೋಡಿಪುಟ. ಬಿಸಿಲು, ಮುಚ್ಚಿದ ಬಾಗಿಲುಗಳು, ಮೊದಲ ಪುಟದಲ್ಲಿ ಮಕ್ಕಳು ಆಡುತ್ತಿದ್ದ ಮರದ ಬುಗುರಿ ನೆಲದ ಮೇಲೆ.

ಅಚ್ಚಿನಮೊಳೆ:
ಆಗ ಪುಟಸಂಖ್ಯೆಯನ್ನೂ ತೆಗೆಯಿರಿ. ಪ್ರೆಸ್ಸಿಗೆ ಕೊಡುವ ಚೀಟಿಯಲ್ಲಿ "30–31 ಪಠ್ಯ ಇಲ್ಲ, ಉದ್ದೇಶಪೂರ್ವಕ" ಎಂದು ದೊಡ್ಡದಾಗಿ ಬರೆಯಿರಿ. ಇಲ್ಲವಾದರೆ ಪಠ್ಯದ ಲೇಯರ್ ಬಿಟ್ಟುಹೋಗಿದೆ ಅಂದುಕೊಂಡು ಕೆಲಸ ನಿಲ್ಲಿಸುತ್ತಾರೆ, ಅಥವಾ ಹಳೇ ಕಡತದಿಂದ ನೀತಿಯ ಆ ಸಾಲನ್ನು ತಂದು ಕೂರಿಸುತ್ತಾರೆ. ಹಳೇ ಕಡತವನ್ನು ಕಳಿಸುವ ಫೋಲ್ಡರಿನಿಂದ ಇವತ್ತೇ ತೆಗೆದುಬಿಡಿ.